ಬಾಲದವನು ಮುಚ್ಚಿದ ಗೇಟು

ನೆವಿಲ್ ಪಾರ್ಜಿಟರ್ ಮೂವತ್ತನಾಲ್ಕು ವರ್ಷ ಆಶ್‌ವರ್ಡೀನಿನ ಅಂಚೆಯವನಾಗಿದ್ದ. ಅಷ್ಟು ವರ್ಷಗಳಲ್ಲಿ ಒಂದು ಕಾಗದವನ್ನೂ ತಪ್ಪು ಬಾಗಿಲಿಗೆ ಹಾಕಿದವನಲ್ಲ ಎಂದು ಊರು ಹೇಳುತ್ತಿತ್ತು. ಊರು ಹೇಳಲು ಮರೆತ ದಿನ ಅವನೇ ನೆನಪಿಸುತ್ತಿದ್ದ. ಶ್ರಾಪ್‌ಶೈರಿನ ಆ ಭಾಗದಲ್ಲಿ ಮನೆಗಳು ಒಂದೆಡೆ ಕೂತವಲ್ಲ. ಒಂದು ಗುಡ್ಡದ ನೆತ್ತಿಯಲ್ಲಿ, ಇನ್ನೊಂದು ಹಳ್ಳದ ಮಗ್ಗುಲಲ್ಲಿ, ಮತ್ತೊಂದು ಎರಡು ಹೊಲ ದಾಟಿ ಕಾಡಿನ ಅಂಚಿನಲ್ಲಿ. ವ್ಯಾನು ಹೋಗದ ಕಡೆ ಅವನು ಚೀಲ ಹೆಗಲಿಗೇರಿಸಿಕೊಂಡು ಓಡುತ್ತಿದ್ದ. ನಡೆದರೆ ಮಧ್ಯಾಹ್ನವಾಗುತ್ತದೆ, ಓಡಿದರೆ ಹನ್ನೊಂದಕ್ಕೆಲ್ಲ ಮನೆ ಸೇರಬಹುದು ಎಂದು ಶುರುವಾದದ್ದು ಆಮೇಲೆ ಬಿಡಲಾಗದ ಅಭ್ಯಾಸವಾಯಿತು. ಬೇಲಿ ದಾಟುವ ಯಾವ ತಡಮೆಯ ಮೆಟ್ಟಿಲು ಕೊಳೆತಿದೆ, ಯಾವ ಹೊಲಕ್ಕೆ ಗೂಳಿ ಬಿಟ್ಟಿದ್ದಾರೆ, ಮಳೆ ಬಂದರೆ ಯಾವ ಓಣಿ ಮೊಣಕಾಲುದ್ದ ಕೆಸರಾಗುತ್ತದೆ ಎಂಬುದೆಲ್ಲ ಅವನ ಕಾಲಿಗೇ ಬಾಯಿಪಾಠವಾಗಿತ್ತು.

ನಿವೃತ್ತನಾದ ವರ್ಷವೇ ಹೆಂಡತಿ ಎನಿಡ್ ತೀರಿಕೊಂಡಳು. ಮನೆಯಲ್ಲಿ ಕೂತರೆ ಗೋಡೆಗಳು ತಿನ್ನಲು ಬಂದ ಹಾಗಾಗಿ, ಅವನು ಊರಿನ ಓಟದ ಸಂಘಕ್ಕೆ ಸೇರಿದ. ಸಂಘವೆಂದರೆ ದೊಡ್ಡದೇನಲ್ಲ. ಭಾನುವಾರ ಬೆಳಿಗ್ಗೆ ಊರ ಸಭಾಂಗಣದ ಮುಂದೆ ಸೇರುವ ಮೂವತ್ತು ನಲವತ್ತು ಜನ, ಓಟ ಮುಗಿಸಿ ಬಂದರೆ ಒಂದು ಹಂಡೆ ಚಹಾ, ಯಾರಾದರೂ ಮಾಡಿ ತಂದ ನಿಂಬೆ ಕೇಕು. ದಾರಿ ಹುಡುಕುವ ಕೆಲಸ ತಾನಾಗಿಯೇ ನೆವಿಲ್‌ನ ಪಾಲಿಗೆ ಬಂತು. ಒಂದೊಂದು ದಾರಿಗೂ ಒಂದೊಂದು ಚೀಟಿ ಬರೆದಿಟ್ಟ, ದುಂಡಗಿನ ಅಕ್ಷರದಲ್ಲಿ. ‘ಸಿಡಿಲು ಬಡಿದ ಓಕ್ ಮರದ ಬಳಿ ಎಡಕ್ಕೆ ತಿರುಗಿ. ಗೂಳಿ ಕಂಡರೆ ಬೇಲಿ ಹಿಡಿದು ಹೋಗಿ. ಕಾಣದಿದ್ದರೂ ಬೇಲಿ ಹಿಡಿದೇ ಹೋಗಿ, ಅದು ಎಲ್ಲೋ ಮಲಗಿರುತ್ತದೆ.’ ಹೀಗೆ ಹತ್ತು ವರ್ಷಗಳಲ್ಲಿ ಐವತ್ತು ದಾರಿಗಳಾದವು. ಬೀಚ್ ಮರಗಳ ನಡುವೆ ಹಾದು, ಕುರಿ ಮೇಯುವ ಏರಿಳಿತಗಳನ್ನು ದಾಟಿ, ಕೊನೆಗೆ ಮತ್ತೆ ಚಹಾದ ಹಂಡೆಯ ಮುಂದೆಯೇ ತಂದು ನಿಲ್ಲಿಸುವ ಐವತ್ತು ದಾರಿಗಳು.

ಆ ಸಂಘದಲ್ಲಿ ಎಲ್ಲರಿಗಿಂತ ಮುಂದೆ ಓಡುವವನನ್ನು ಯಾರೂ ಕೇಳುವುದಿಲ್ಲ. ಮರ್ಯಾದೆಯೆಲ್ಲ ಎಲ್ಲರಿಗಿಂತ ಹಿಂದೆ ಓಡುವವನಿಗೆ. ಅವನಿಗೆ ‘ಬಾಲ’ ಎಂದು ಹೆಸರು. ಹಳದಿ ಮೇಲಂಗಿ ತೊಟ್ಟು, ದಾರಿ ತೋರಲೆಂದು ಹಿಂದಿನ ದಿನ ಕೊಂಬೆಗಳಿಗೆ ಕಟ್ಟಿದ ಕಿತ್ತಳೆ ರಿಬ್ಬನ್ನುಗಳನ್ನು ಬಿಚ್ಚಿಕೊಳ್ಳುತ್ತ ಅವನು ಕೊನೆಗೆ ಬರುತ್ತಾನೆ. ಓಟದ ಬೆಳಿಗ್ಗೆ ರೈತರು ಕುರಿಗಳನ್ನು ಮೇಲಿನ ಹೊಲಕ್ಕೆ ಅಟ್ಟಿ, ದಾರಿಯ ಗೇಟುಗಳನ್ನೆಲ್ಲ ತೆರೆದು ನೀಲಿ ಹಗ್ಗದಲ್ಲಿ ಬೇಲಿಗೆ ಕಟ್ಟಿರುತ್ತಾರೆ. ನಲವತ್ತು ಜನ ನಲವತ್ತು ಸಲ ತೆರೆದು ಬಡಿದರೆ ಗೇಟು ಉಳಿದೀತೆ? ಬಾಲದವನು ದಾಟಿದ ಮೇಲೆ ಹಗ್ಗ ಬಿಚ್ಚಿ ಗೇಟು ಮುಚ್ಚಿ ಬರಬೇಕು. ಹಾಗಾಗಿ ಓಟದ ದಿನ ಗೇಟು ತೆರೆದಿದ್ದರೆ ಇನ್ನೂ ಯಾರೋ ಬರುವವರಿದ್ದಾರೆ ಎಂದು ಅರ್ಥ. ಮುಚ್ಚಿದ್ದರೆ ಎಲ್ಲರೂ ದಾಟಿ ಆಯಿತು ಎಂದು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಊರಿನಲ್ಲಿ ಗೊತ್ತಿಲ್ಲದವರಿಲ್ಲ. ಬಾಲದ ಹಿಂದೆ ಯಾರೂ ಉಳಿಯಬಾರದು, ಸಂಘಕ್ಕೆ ಇದ್ದದ್ದು ಅದೊಂದೇ ಕಾನೂನು.

ಆ ಒಂದೇ ಕಾನೂನನ್ನು ನೆವಿಲ್ ಮುರಿದ. ಅದೂ ಗೊತ್ತಿದ್ದೂ ಮುರಿದ.

ಡಿಲಿಸ್ ಗಿಟ್ಟಿನ್ಸ್ ಎಂಬವಳು ಊರ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವವಳು. ರೂಕ್ ಕಾಡಿನ ಅಂಚಿನ ಮನೆಯಲ್ಲೇ ಹುಟ್ಟಿ ಬೆಳೆದು ಈಗಲೂ ಅಲ್ಲೇ ಇರುವವಳು. ಅವಳಪ್ಪ ಆ ಕಾಡಿನಲ್ಲಿ ಬೇಲಿಗೆ ಬೇಕಾದ ಕೋಲು ಕಡಿದು ಬದುಕಿದವನು. ಐವತ್ತೇಳನೇ ವಯಸ್ಸಿಗೆ ವೈದ್ಯರು ಮೈ ಬಗ್ಗಿಸಿ ಎಂದದ್ದಕ್ಕೆ ಸಂಘಕ್ಕೆ ಬಂದಳು. ಅವಳಷ್ಟು ನಿಧಾನವಾಗಿ ಓಡಿದವರನ್ನು ಸಂಘ ಅದುವರೆಗೆ ಕಂಡಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಆದ್ದರಿಂದ ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುತ್ತಿದ್ದಳು. “ನೆವ್, ಮುಂದೆ ಒಂದು ಬಸವನಹುಳು ಹೋಗ್ತಾ ಇದೆ ನೋಡು, ಸ್ವಲ್ಪ ನಿಲ್ಲೋಕೆ ಹೇಳು, ಜೊತೆಗೆ ಹೋಗೋಣ” ಎನ್ನುತ್ತಿದ್ದಳು. ಗುಲಾಬಿ ಬಣ್ಣದ ಉಣ್ಣೆ ಟೋಪಿ ಹಾಕುತ್ತಿದ್ದಳು. ಪ್ರತಿ ಏರಿಗೂ ಒಮ್ಮೆ, “ನನಗೋಸ್ಕರ ಯಾರೂ ಕಾಯ್ಬೇಡಿ” ಎನ್ನುತ್ತಿದ್ದಳು. ಕಾಯಲಿ ಎಂಬ ಆಸೆ ಇರುವವರೇ ಹಾಗೆ ಹೇಳುವುದು.

ಹೋದ ವರ್ಷ ಮಾರ್ಚಿನ ಎರಡನೇ ಭಾನುವಾರ ಹನ್ನೊಂದನೇ ದಾರಿ, ಒಂಬತ್ತು ಮೈಲಿ. ಅಂದು ಓಟ ಮುಗಿದ ಮೇಲೆ ಒಂದು ಗಂಟೆಗೆ ಸರಿಯಾಗಿ ನೆವಿಲ್‌ಗೆ ಸನ್ಮಾನವಿತ್ತು. ಐವತ್ತು ದಾರಿಗಳನ್ನೂ ಕೈಯಲ್ಲೇ ಬಿಡಿಸಿದ ದೊಡ್ಡ ನಕ್ಷೆ, ಅದಕ್ಕೆ ಓಕ್ ಮರದ ಚೌಕಟ್ಟು. ಫೋಟೋ ತೆಗೆಯಲು ಪಟ್ಟಣದಿಂದ ಪತ್ರಿಕೆಯವನೊಬ್ಬ ಬರುವವನಿದ್ದ. ಒಂದೂಕಾಲಕ್ಕೆಲ್ಲ ಅವನು ಇನ್ನೊಂದು ಕಡೆ ಹೋಗಬೇಕಂತೆ. ಆ ದಿನ ಬಾಲದ ಸರದಿಯೂ ನೆವಿಲ್‌ನದೇ ಆಗಿತ್ತು. ಬೇರೆಯವರಿಗೆ ಬಿಡು ಎಂದು ಎಲ್ಲರೂ ಹೇಳಿದರು. ಸನ್ಮಾನದ ದಿನವೂ ಬಾಲವಾಗಿ ಬಂದ ಎಂದು ಹೇಳಿಸಿಕೊಳ್ಳುವ ಆಸೆಯಿಂದ ಅವನು ಒಪ್ಪಲಿಲ್ಲ. ಇಸ್ತ್ರಿ ಮಾಡಿದ ಅಂಗಿಯನ್ನು ಸಭಾಂಗಣದ ಮೊಳೆಗೆ ತೂಗುಹಾಕಿ ಓಟಕ್ಕೆ ಹೊರಟ.

ಜಿನುಗು ಮಳೆ. ಹನ್ನೆರಡು ಮೂವತ್ತೈದಾದರೂ ನೆವಿಲ್, ಡಿಲಿಸ್ ಇಬ್ಬರೂ ಇನ್ನೂ ರೂಕ್ ಕಾಡಿನೊಳಗೇ ಇದ್ದರು. ಎರಡು ಮೈಲಿ ಬಾಕಿ ಇತ್ತು, ಉಳಿದವರ ಸದ್ದೇ ಇರಲಿಲ್ಲ. ನೆವಿಲ್ ನಾಲ್ಕು ಹೆಜ್ಜೆಗೊಮ್ಮೆ ಗಡಿಯಾರ ನೋಡುತ್ತಿದ್ದ. ಮುಳ್ಳೆಲೆಯ ಹಾಲಿ ಮರದ ದಟ್ಟ ಪೊದೆಯ ಹತ್ತಿರ ಬಂದಾಗ ಡಿಲಿಸ್ ನಿಂತಳು.

“ನೆವ್, ಒಂದೇ ನಿಮಿಷ. ಬೆಳಿಗ್ಗೆ ಎರಡು ಕಪ್ಪು ಟೀ ಕುಡಿದುಬಿಟ್ಟೆ, ತಡ್ಕೊಳ್ಳಕ್ಕೆ ಆಗ್ತಿಲ್ಲ. ಆ ಕಡೆ ತಿರುಗಿ ನಿಂತ್ಕೋ” ಎಂದು ಪೊದೆಯ ಹಿಂದೆ ಹೋದಳು.

ಅವನು ತಿರುಗಿ ನಿಂತ. ಗಡಿಯಾರ ನೋಡಿದ. ಒಮ್ಮೆ ಕೆಮ್ಮಿದ. ಎಲೆಗಳ ಸಂದಿಯಲ್ಲಿ ಗುಲಾಬಿ ಟೋಪಿ ಕಾಣುತ್ತಿತ್ತು. ಕಾಡು ಮುಗಿಯಲು ಇನ್ನು ಮುನ್ನೂರು ಗಜ, ಅದು ಅವಳ ಹಿತ್ತಲಿದ್ದ ಹಾಗೆ, ಹುಟ್ಟಿದವಳೇ ಇಲ್ಲಿ, ಹಿಂದೆಯೇ ಬರುತ್ತಾಳೆ, ಎಂದು ಒಂದರ ಹಿಂದೊಂದು ನೆಪ ತಾನಾಗಿಯೇ ಬಂದು ನಿಂತವು. ಕೆಟ್ಟ ಕೆಲಸಕ್ಕೆ ನೆಪ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಮನೆ ಬಾಗಿಲಿಗೆ ಬರುತ್ತವೆ. ಆ ಪೊದೆಯ ಕೊಂಬೆಗೇ ಕಟ್ಟಿದ್ದ ರಿಬ್ಬನ್ನನ್ನು ಅವನ ಕೈ ಬಿಚ್ಚಿತು. ಮೊದಲ ಹತ್ತು ಹೆಜ್ಜೆ ಸದ್ದಾಗದ ಹಾಗೆ ನಡೆದ. ಆಮೇಲೆ ಓಡಿದ.

ಕಾಡಿನ ಕೊನೆಯ ಗೇಟು ನೀಲಿ ಹಗ್ಗದಲ್ಲಿ ಬೇಲಿಗೆ ಕಟ್ಟಿಕೊಂಡು ತೆರೆದೇ ಇತ್ತು. ಅವನು ದಾಟಿ, ಹಗ್ಗ ಬಿಚ್ಚಿ, ಗೇಟು ಮುಚ್ಚಿ, ಚಿಲಕ ಹಾಕಿದ. ಕೈಗೆ ಅಭ್ಯಾಸ ಎಂದು ಆಮೇಲೆ ನೂರು ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಅಭ್ಯಾಸವಲ್ಲ. ತೆರೆದಿಟ್ಟು ಬಂದಿದ್ದರೆ ಹಿಂದೆ ಒಬ್ಬಳಿದ್ದಾಳೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಸಭಾಂಗಣದ ಬಾಗಿಲಲ್ಲೇ ಟ್ರೆವರ್ ಬೆಡೋಸ್ ಸಿಕ್ಕಿದ. ಕೊಳಾಯಿ ರಿಪೇರಿಯವನು, ಸಂಘದ ಅಧ್ಯಕ್ಷ, ಒಳ್ಳೆಯ ಮನುಷ್ಯ, ಗಂಟಲು ಮಾತ್ರ ದೊಡ್ಡದು.

“ಬಂದ್ಯಾ ಮಾರಾಯ! ಮದುಮಗನೇ ಇಲ್ದೆ ಮದ್ವೆ ಮಾಡೋ ಹಾಗಾಗಿತ್ತು. ಎಲ್ರೂ ಬಂದ್ರು ತಾನೆ?”

“ಎಲ್ರೂ ಬಂದ್ರು.”

“ಡಿಲಿಸ್ ಕಾಣ್ಲಿಲ್ಲ?”

“ಅವಳು ಮೇಲ್ಗಡೇನೇ ತಿರುಗಿದ್ಳು. ಸುಸ್ತಾಯ್ತು, ಹಾಗೇ ಮನೆಗೆ ಹೋಗ್ತೀನಿ ಅಂದ್ಳು” ಎಂದ ನೆವಿಲ್. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿ ಮುಗಿಸಿದ ಮೇಲೆ ಅವನಿಗೇ ಭಯವಾಯಿತು.

ಫೋಟೋದಲ್ಲಿ ಅವನು ನಗುತ್ತಿದ್ದಾನೆ. ಎಡಗೈಯಲ್ಲಿ ನಕ್ಷೆ, ಬಲಗೈಯಲ್ಲಿ ಹಂದಿಮಾಂಸದ ಪೈ. ಎರಡು ಗಂಟೆಯಾಯಿತು, ಮೂರಾಯಿತು. ಪ್ರತಿ ಸಲ ಬಾಗಿಲು ತೆರೆದಾಗಲೂ ಅವನು ಆ ಕಡೆ ನೋಡಿದ. ಮನೆಗೇ ಹೋಗಿರುತ್ತಾಳೆ ಎಂದುಕೊಂಡ. ಎದ್ದು ಹೋಗಿ ನೋಡಿ ಬರಬಹುದಿತ್ತು. ಹೋದರೆ ಯಾಕೆ ಹೊರಟೆ ಎಂದು ಯಾರಾದರೂ ಕೇಳುತ್ತಾರಲ್ಲ! ನಾಲ್ಕೂವರೆಗೆ, ಕಾಡು ಕಾಯುವವನ ನಾಯಿ ಹಳೆಯ ಇದ್ದಿಲು ಗುಂಡಿಯೊಂದರಲ್ಲಿ ಡಿಲಿಸ್‌ಳನ್ನು ಪತ್ತೆಹಚ್ಚಿತು. ಕಾಲು ಉಳುಕಿ ಊದಿತ್ತು, ತುಟಿ ಚಳಿಗೆ ನೀಲಿಯಾಗಿತ್ತು. ಅವಳು ಹೇಳಿದ್ದು ಇಷ್ಟೇ: ಗೇಟು ಮುಚ್ಚಿತ್ತು, ರಿಬ್ಬನ್ನೂ ಇರಲಿಲ್ಲ, ಇದು ನಮ್ಮ ದಾರಿಯಲ್ಲ ಅಂದುಕೊಂಡು ವಾಪಸ್ಸು ತಿರುಗಿದೆ, ಗೊಂದಲವಾಯಿತು, ಬಿದ್ದೆ.

ಮನೆಗೆ ತಿರುಗಿದವಳು ಮನಸ್ಸು ಬದಲಿಸಿ ಮತ್ತೆ ಓಟದ ಹಿಂದೆ ಬಂದಿರಬೇಕು ಎಂದುಕೊಂಡು ಊರಿಗೆ ಊರೇ ನಕ್ಕಿತು. ತನ್ನ ಹಿತ್ತಲಿನಲ್ಲೇ ದಾರಿ ತಪ್ಪಿದವಳು! ಟ್ರೆವರ್ ಅವಳಿಗೆ ಕೊಲಂಬಸ್ ಎಂದು ಹೆಸರಿಟ್ಟ. ಕ್ರಿಸ್ಮಸ್ಸಿಗೆ ಸಂಘದವರೆಲ್ಲ ಸೇರಿ ಅವಳಿಗೆ ದಿಕ್ಸೂಚಿ ಕೊಟ್ಟರು. ಶಾಲೆಯ ಮಕ್ಕಳು ಸಹ, “ಡಿಲಿಸ್ ಆಂಟಿ, ಅಡುಗೆಮನೆ ಈ ಕಡೆ” ಎಂದು ಕೈತೋರಿಸುತ್ತಿದ್ದರು. ಎಲ್ಲದಕ್ಕೂ ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಓಟಕ್ಕೆ ಮಾತ್ರ ಮತ್ತೆ ಬರಲಿಲ್ಲ. ಕಾಲುನೋವು ಎಂದಳು. ಶಾಲೆಗೆ ಹೋಗುವಾಗ ಆ ಕಾಲು ಚೆನ್ನಾಗಿಯೇ ನಡೆಯುತ್ತಿತ್ತು. ನೆವಿಲ್ ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದ್ದಾನೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಅವಳು ರಸ್ತೆಯ ಈ ಬದಿಗಿದ್ದರೆ ಅವನು ಆ ಬದಿಗೆ ದಾಟಿದ. ಅವಳು ಬ್ರೆಡ್ಡಿಗೆ ಬರುವ ಹೊತ್ತು ತಿಳಿದುಕೊಂಡು ತನ್ನ ಹೊತ್ತು ಬದಲಿಸಿದ. ‘ಕೊಲಂಬಸ್’ ಎಂದು ಯಾರಾದರೂ ಅಂದಾಗ ಎಲ್ಲರ ಜೊತೆ ಅವನೂ ನಗಬೇಕಾಗುತ್ತಿತ್ತು, ನಗದಿದ್ದರೆ ಯಾಕೆಂದು ಕೇಳುತ್ತಾರಲ್ಲ. ಹಾಗೆ ನಕ್ಕು ಮನೆಗೆ ಬಂದ ದಿನ ಊಟ ಸೇರುತ್ತಿರಲಿಲ್ಲ. ಒಂದೇ ಒಂದು ಸಮಾಧಾನವಿತ್ತು: ಏನೇ ಆದರೂ ಕೊನೆಗೆ ದಾರಿ ತಪ್ಪಿದ್ದು ಅವಳೇ ತಾನೆ? ಕಾಡು ಅವಳಿಗೆ ಗೊತ್ತಿದ್ದದ್ದೇ. ಈ ಸಮಾಧಾನವನ್ನು ಅವನು ಒಂದು ವರ್ಷ ಚೀಪಿದ. ನಕ್ಷೆಯನ್ನು ಮೊದಲು ನಡುಮನೆಯಲ್ಲಿ ತೂಗುಹಾಕಿದ್ದವನು, ಆಮೇಲೆ ಬಟ್ಟೆ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟ.

ಈ ವರ್ಷ ಫೆಬ್ರವರಿಯಲ್ಲಿ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಸಮಿತಿ ಸೇರಿತ್ತು. ಬಿಯರ್ ಲೋಟ ಕೆಳಗಿಟ್ಟು ಟ್ರೆವರ್ ಹೇಳಿದ.

“ಆ ಗೇಟಿಗೊಂದು ಹಲಗೆ ಹಾಕ್ಸೋಣ. ‘ಡಿಲಿಸ್ ದಾರಿ ತಪ್ಪಿದ ಗೇಟು’ ಅಂತ. ಹೊಲದವನು ಒಪ್ಪಿದಾನೆ. ಓಕ್ ಹಲಗೆ, ಐವತ್ತು ವರ್ಷ ಬಾಳುತ್ತೆ.”

“ಅವಳನ್ನ ಕೇಳಿದ್ರಾ?” ಎಂದ ನೆವಿಲ್.

“ಕೇಳ್ದೆ ಇರ್ತೀನಾ? ಬಿದ್ದು ಬಿದ್ದು ನಕ್ಳು. ಹಾಕ್ರಪ್ಪಾ, ಸತ್ಮೇಲೂ ಹೆಸ್ರು ಇರುತ್ತೆ ಅಂದ್ಳು. ಬರೆಯೋದು ನೀನೇ ನೆವ್. ನಿನ್ನ ಅಕ್ಷರ ಯಾರಿಗೆ ಬರುತ್ತೆ?”

ಹಲಗೆ ನೆವಿಲ್‌ನ ಅಡುಗೆಮನೆಯ ಮೇಜಿನ ಮೇಲೆ ಬಂದು ಕೂತಿತು. ಪೆನ್ಸಿಲಿನಲ್ಲಿ ಮೊದಲ ಅಕ್ಷರ ಗೀಚಿದ, ಅಳಿಸಿದ. ಮೂರು ವಾರ ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಂಡ. ನುಂಗಿದರೆ ಗಂಟಲು ಸುಡುತ್ತದೆ, ಉಗುಳಿದರೆ ಮಾನ ಹೋಗುತ್ತದೆ, ಬಿಸಿತುಪ್ಪ ಬಾಯಿಗೆ ಬಿದ್ದಿತ್ತು. ಬಾಯಿಮಾತಿನ ನಗೆಯಾದರೆ ಒಂದು ದಿನ ಸಾಯುತ್ತದೆ. ಓಕ್ ಹಲಗೆಯ ನಗೆ ಸಾಯುವುದಿಲ್ಲ. ಅವಳೂ ಹೋಗಿ, ತಾನೂ ಹೋಗಿ, ಇನ್ನೂ ಹುಟ್ಟದ ಮಕ್ಕಳು ಗೇಟಿನ ಮುಂದೆ ನಿಂತು ಓದುತ್ತವೆ, ಅದೂ ಅವನದೇ ದುಂಡು ಅಕ್ಷರದಲ್ಲಿ. ಒಂದು ಗುರುವಾರ ಸಂಜೆ, ಶಾಲೆ ಬಿಡುವ ಹೊತ್ತು ನೋಡಿಕೊಂಡು, ಅವನು ಕೋಟು ಹಾಕಿದ.

ಡಿಲಿಸ್ ಮನೆಯ ಬಾಗಿಲನ್ನು ಅವನು ಅಂಚೆಯವನಾಗಿ ಸಾವಿರ ಸಲ ತಟ್ಟಿದ್ದ. ಈ ಸಲ ಕೈ ಏಳಲು ಬಹಳ ಹೊತ್ತಾಯಿತು.

“ಓ, ನೆವ್! ನಿವೃತ್ತಿ ಆದ್ಮೇಲೂ ಕಾಗದ ಹಂಚೋದು ಬಿಟ್ಟಿಲ್ವಾ?” ಡಿಲಿಸ್ ಒದ್ದೆ ಕೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡಳು. “ಬಾ ಒಳಗೆ. ಚಳಿ ಒಳಗೆ ಬರ್ತಿದೆ.”

ಅವಳು ಕೆಟಲ್ ಇಟ್ಟಳು. ಅವನು ಕುರ್ಚಿಯ ತುದಿಯಲ್ಲಿ ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಉಳಿದಿರಲಿಲ್ಲ.

“ಡಿಲಿಸ್, ಆ ಗೇಟು ಮುಚ್ಚಿದ್ದು ನಾನು.”

“ಬಾಲ ನೀನಾಗಿದ್ದೆ, ನೀನಲ್ದೆ ಇನ್ಯಾರು ಮುಚ್ತಾರೆ? ಸಕ್ಕರೆ ಎಷ್ಟು, ಎರಡಾ?”

“ಅದಲ್ಲ. ನೀನು ಪೊದೆ ಹಿಂದೆ ಇದ್ದಿದ್ದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟು ಹೋದೆ. ಫೋಟೋದೋನು ಹೊರಟುಹೋಗ್ತಾನೆ ಅಂತ. ಆಮೇಲೆ ನೀನು ಮನೆಗೆ ಹೋದೆ ಅಂತ ಸುಳ್ಳು ಬೇರೆ ಹೇಳ್ದೆ.”

ಡಿಲಿಸ್ ಚಮಚ ಕೆಳಗಿಟ್ಟಳು. ಮುಖದಲ್ಲಿದ್ದ ನಗು ಹೋಗಿತ್ತು. ನಗು ಇಲ್ಲದ ಅವಳ ಮುಖವನ್ನು ಅವನು ನೋಡಿದ್ದು ಅದೇ ಮೊದಲು. ವಯಸ್ಸಾದವಳ ಹಾಗೆ ಕಂಡಳು.

“ನೀನು ಒಂದ್ಸಲ ಕೆಮ್ಮಿದೆ” ಎಂದಳು.

ಅವನು ತಲೆ ಎತ್ತಿದ.

“ಕೆಮ್ಮಿದೆ. ನಾನು ಅಂದ್ಕೊಂಡೆ, ಪಾಪ, ಆ ಕಡೆ ತಿರುಗಿ ನಿಂತು ನಾನಿಲ್ಲೇ ಇದೀನಿ ಅಂತ ಹೇಳ್ತಿದಾನೆ ಅಂತ. ಆಮೇಲೆ ಕೊಂಬೆ ಅಲ್ಲಾಡ್ತು. ಎಲೆ ಮೇಲಿದ್ದ ನೀರೆಲ್ಲ ನನ್ನ ಕತ್ತಿನೊಳಗೆ ಬಿತ್ತು. ರಿಬ್ಬನ್ ಬಿಚ್ಚಿದ್ದು ನೀನು, ನನ್ನ ತಲೆ ಮೇಲೇ.”

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ, ಲೋಕಕ್ಕೇನು ಕಣ್ಣಿಲ್ಲವೆ? ನೆವಿಲ್‌ಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೂ ಹಳೆಯ ಸಮಾಧಾನದ ಚೂರೊಂದು ಇನ್ನೂ ಬಾಯಲ್ಲಿತ್ತು.

“ಮತ್ತೆ ಗೇಟು ನೋಡಿ ದಾರಿ ತಪ್ಪಿದೆ ಅಂದ್ಯಲ್ಲ...”

“ನಾನು ಹುಟ್ಟಿದ್ದೇ ಆ ಕಾಡಲ್ಲಿ ಕಣೋ! ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ಮನೆಗೆ ಬರ್ತೀನಿ. ದಾರಿ ತಪ್ಪೋದಾ ನಾನು?” ಅವಳ ಧ್ವನಿ ಏರಿತು. “ಗೇಟಿನ ತನಕ ಬಂದೆ. ಮುಚ್ಚಿತ್ತು. ಅದನ್ನ ತೆಗೆದು, ನಿನ್ನ ಹಿಂದೆ ಓಡಿ ಬಂದು, ಅಷ್ಟು ಜನದ ಮುಂದೆ ಹೇಗೆ ನಿಲ್ಲೋದು ಹೇಳು? ಬಾಲದವನೂ ಕಾಯದೆ ಬಿಟ್ಟು ಬಂದವಳು ಅಂತ? ನಾಚಿಕೆ ಆಯ್ತು. ಹಿಂದಿನ ದಾರೀಲಿ ಯಾರಿಗೂ ಕಾಣದ ಹಾಗೆ ಮನೆ ಸೇರೋಣ ಅಂತ ಕಾಡೊಳಗೆ ಇಳಿದೆ. ಅಳ್ತಾ ಇದ್ದೆ, ಗುಂಡಿ ಕಾಣ್ಲಿಲ್ಲ.”

“ಯಾರಿಗಾದ್ರೂ ಹೇಳ್ಬಹುದಿತ್ತಲ್ಲ, ಡಿಲಿಸ್.”

“ಏನಂತ? ನನ್ನ ಬಿಟ್ಟು ಹೋದ್ರು ಅಂದ್ರೆ, ನಾನು ಬಿಟ್ಟು ಹೋಗೋಂಥವಳು ಅಂತ ನಾನೇ ಸಾರಿದ ಹಾಗಾಗುತ್ತೆ. ಅದಕ್ಕಿಂತ ದಾರಿ ತಪ್ಪಿದ ಮಂಕು ಅನ್ನಿಸ್ಕೊಳ್ಳೋದೇ ವಾಸಿ.”

ಕೆಟಲ್ ಕುದಿದು ತಾನಾಗಿಯೇ ನಿಂತಿತು. ಯಾರೂ ಏಳಲಿಲ್ಲ.

“ಬಿಟ್ಟು ಹೋಗಿದ್ದನ್ನ ಹೇಗೋ ನುಂಗ್ದೆ ನೆವ್” ಎಂದಳು ಧ್ವನಿ ತಗ್ಗಿಸಿ. “ಗುಂಡೀಲಿ ಕೂತು ಅಂದ್ಕೊಂಡೆ, ಮ್ಯಾಪು ಇಸ್ಕೊಂಡ ತಕ್ಷಣ ಬರ್ತಾನೆ ಅಂತ. ಅವನಿಗೊಬ್ಬನಿಗೇ ಗೊತ್ತು ನಾನು ಎಲ್ಲಿದೀನಿ ಅಂತ. ಎರಡಕ್ಕೆ ಬರ್ತಾನೆ ಅಂದ್ಕೊಂಡೆ. ಮೂರಕ್ಕೆ ಬರ್ತಾನೆ ಅಂದ್ಕೊಂಡೆ. ಬಂದಿದ್ದು ನಾಯಿ.”

ನೆವಿಲ್‌ಗೆ ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು, ಬಂದ ಹಾಗೇ ಹೊರಬಿತ್ತು. “ಕ್ಷಮ್ಸು ಡಿಲಿಸ್.”

“ನನ್ನ ಅಡುಗೆಮನೇಲಿ ಹೇಳಿ, ನನ್ನ ಟೀ ಕುಡಿದು, ಹಗುರಾಗಿ ಎದ್ದು ಹೋಗ್ತೀನಿ ಅಂದ್ರೆ ಆಗಲ್ಲ. ಮ್ಯಾಪು ಎಲ್ಲಿ ಇಸ್ಕೊಂಡ್ಯೋ ಅಲ್ಲಿ ಹೇಳು.” ಅವಳು ಎದ್ದು ಬಾಗಿಲು ತೆರೆದಳು. ಚಹಾ ಕೊಡಲಿಲ್ಲ. ಆ ಊರಿನಲ್ಲಿ ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದೆಂದರೆ ಸಣ್ಣ ಮಾತಲ್ಲ.

ಭಾನುವಾರ ಓಟ ಮುಗಿದು ಎಲ್ಲರೂ ಕಪ್ಪು ಹಿಡಿದು ನಿಂತಿದ್ದಾಗ, ನೆವಿಲ್ ಚಹಾದ ಹಂಡೆಯ ಪಕ್ಕದಲ್ಲಿ ನಿಂತು ಒಂದು ಮಾತು ಹೇಳಬೇಕು ಎಂದ. ಹೊಸ ದಾರಿಯ ವಿಷಯವಿರಬೇಕೆಂದು ಎಲ್ಲರೂ ನಗುಮುಖದಿಂದಲೇ ತಿರುಗಿದರು. ಎಪ್ಪತ್ತೊಂದು ವರ್ಷದವನು, ಚಡ್ಡಿಯಲ್ಲಿ, ಮೊಣಕಾಲಿನವರೆಗೂ ಕೆಸರಾದ ಬಿಳಿ ಕಾಲುಗಳಲ್ಲಿ ನಿಂತು ಎಲ್ಲವನ್ನೂ ಹೇಳಿದ. ಪೊದೆ, ಟೋಪಿ, ರಿಬ್ಬನ್ನು, ಗೇಟು, ಬಾಗಿಲಲ್ಲಿ ಟ್ರೆವರ್‌ಗೆ ಹೇಳಿದ ಸುಳ್ಳು. “ಅವಳು ದಾರಿ ತಪ್ಪಿಲ್ಲ. ನಾನು ಬಿಟ್ಟು ಬಂದೆ. ಮೂವತ್ತನಾಲ್ಕು ವರ್ಷ ಒಂದು ಕಾಗದ ಬಿಟ್ಟವನಲ್ಲ ಅಂತ ಹೇಳ್ಕೊಂಡು ತಿರುಗ್ದೆ. ಒಂದು ಜೀವಾನ ದಾರೀಲಿ ಬಿಟ್ಟೆ. ಆ ಹಲಗೆ ನಾನು ಬರೆಯಲ್ಲ. ನಕ್ಷೆ ವಾಪಸ್ ತಂದಿದೀನಿ” ಎಂದು, ಕಂಬಳಿಯಲ್ಲಿ ಸುತ್ತಿದ್ದ ಚೌಕಟ್ಟನ್ನು ಮೇಜಿನ ಮೇಲಿಟ್ಟ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ತಮ್ಮ ತಮ್ಮ ಕಪ್ಪಿನೊಳಗೆ ನೋಡಿದರು. ಒಬ್ಬಳು ಕೇಕು ಯಾರಿಗೆ ಬೇಕು ಎಂದು ಸಣ್ಣ ಧ್ವನಿಯಲ್ಲಿ ಕೇಳಿದಳು. ಕೊನೆಗೆ ಟ್ರೆವರ್ ಗಂಟಲು ಸರಿಮಾಡಿಕೊಂಡ.

“ಹೋಗ್ಲಿ ಬಿಡು ಮಾರಾಯ. ಹಳೇ ಕತೆ. ಯಾರಿಗಾದ್ರೂ ಆಗುತ್ತೆ.”

“ಯಾರಿಗೂ ಆಗಿಲ್ಲ ಟ್ರೆವರ್. ಇಷ್ಟು ವರ್ಷದಲ್ಲಿ ಒಬ್ಬ ಬಾಲದವನಿಗೂ ಆಗಿಲ್ಲ.”

ಅವಳಿಗೆ ಕೊಲಂಬಸ್ ಎಂದು ಹೆಸರಿಟ್ಟವನು ತಾನು ಎಂಬುದು ಆಗ ಟ್ರೆವರ್‌ಗೆ ನೆನಪಾಗಿರಬೇಕು, ಮುಖ ಕಿವಿಯವರೆಗೂ ಕೆಂಪಾಯಿತು. ಮುಂದಿನ ವಾರ ಬಾಗಿಲಿಗೆ ಅಂಟಿಸಿದ ಬಾಲದ ಸರದಿಪಟ್ಟಿಯಲ್ಲಿ ನೆವಿಲ್‌ನ ಹೆಸರಿರಲಿಲ್ಲ. ಯಾರೂ ಆ ವಿಷಯ ಎತ್ತಲಿಲ್ಲ, ಅವನೂ ಕೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅವನದು ಹೋದದ್ದು ಒಂದು ಫೋಟೋಗೆ. ಆದರೂ ಪ್ರತಿ ಭಾನುವಾರ ಬಂದ. ಮನೆಯಲ್ಲಿ ಕೂತುಬಿಡುವುದು ಸುಲಭವಿತ್ತು, ಆ ಸುಲಭ ತನಗೆ ಸಲ್ಲುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಗುಂಪಿನ ಅಂಚಿನಲ್ಲಿ ಓಡಿ, ಕಪ್ಪುಗಳನ್ನು ತೊಳೆದಿಟ್ಟು ಮನೆಗೆ ಹೋಗುತ್ತಿದ್ದ.

ಏಪ್ರಿಲ್ ಕೊನೆಯ ಭಾನುವಾರ ಮತ್ತೆ ಹನ್ನೊಂದನೇ ದಾರಿ. ಎಲ್ಲರೂ ಬೂಟಿನ ದಾರ ಬಿಗಿಯುತ್ತಿದ್ದಾಗ ಗುಲಾಬಿ ಟೋಪಿಯೊಂದು ಬಾಗಿಲಲ್ಲಿ ಕಾಣಿಸಿತು. ಡಿಲಿಸ್ ಯಾರ ಮುಖವನ್ನೂ ನೋಡದೆ ನೇರ ಮೊಳೆಯ ಹತ್ತಿರ ಹೋಗಿ ಹಳದಿ ಮೇಲಂಗಿಯನ್ನು ತೆಗೆದು ತೊಟ್ಟಳು.

“ಇವತ್ತು ಬಾಲ ನಾನು.”

“ಆಗ್ಲಿ, ಆಗ್ಲಿ” ಎಂದ ಟ್ರೆವರ್ ತಡವರಿಸುತ್ತ. “ಆದ್ರೆ ಬಾಲಕ್ಕೆ ಮುಂದೆ ಒಬ್ರು ಬೇಕಲ್ಲ ಡಿಲಿಸ್. ನಿನಗಿಂತ ನಿಧಾನ ಓಡೋರು ಯಾರಿದಾರೆ ನಮ್ಮಲ್ಲಿ?”

“ಅಲ್ಲಿದಾನಲ್ಲ” ಎಂದು ಅವಳು ಮೂಲೆಯಲ್ಲಿದ್ದ ನೆವಿಲ್ ಕಡೆ ಗದ್ದ ಎತ್ತಿದಳು. “ಕಾಲು ಎಷ್ಟೇ ಜೋರಿದ್ರೂ ಇವತ್ತು ಇವನೇ ಕೊನೆ.”

ಹೀಗೆ ಅವನು ಮುಂದೆ, ಅವಳು ಹಿಂದೆ. ಕಾಡಿನವರೆಗಿನ ಏಳು ಮೈಲಿಯಲ್ಲಿ ಅವಳು ಆಡಿದ ಮಾತು ಎಂದರೆ “ಮೆಲ್ಲಗೆ” ಎಂಬುದೊಂದೇ. ಬಸವನಹುಳುವಿನ ಹಾಸ್ಯವಿಲ್ಲ, ನನಗಾಗಿ ಕಾಯಬೇಡಿ ಎನ್ನುವುದಿಲ್ಲ. ಒಂದೊಂದು ರಿಬ್ಬನ್ನನ್ನೂ ಅವಳು ಬಿಚ್ಚುವ ಸದ್ದು ಅವನಿಗೆ ಬೆನ್ನಿನಲ್ಲಿ ಕೇಳಿಸುತ್ತಿತ್ತು. ಪ್ರತಿ ಗೇಟಿನಲ್ಲೂ ಅವನು ದಾಟಿ ನಿಂತ ಮೇಲೆ ಅವಳು ದಾಟಿ, ಹಗ್ಗ ಬಿಚ್ಚಿ, ಮುಚ್ಚಿದಳು. ರೂಕ್ ಕಾಡಿನ ನೆಲವೆಲ್ಲ ನೀಲಿ ಗಂಟೆಹೂವಾಗಿತ್ತು. ವರ್ಷಕ್ಕೆ ಎರಡೇ ವಾರ ಇರುವ ಹೂವು, ಬೇರೆ ದಿನವಾಗಿದ್ದರೆ ಅವನು ನಿಂತು ನೋಡುತ್ತಿದ್ದ.

ಎಪ್ಪತ್ತೊಂದು ವರ್ಷದ ಮೈ. ಬೆಳಿಗ್ಗೆ ಹೆದರಿಕೆಗೆ ಮೂರು ಕಪ್ಪು ಚಹಾ ಕುಡಿದಿದ್ದ. ನಾಲ್ಕನೇ ಮೈಲಿಯಿಂದ ಹಲ್ಲು ಕಚ್ಚಿ ತಡೆದುಕೊಂಡು ಬಂದವನಿಗೆ ಹಾಲಿ ಪೊದೆಯ ಹತ್ತಿರ ಬರುವಾಗ ಇನ್ನು ಒಂದು ಹೆಜ್ಜೆಯೂ ಆಗಲಿಲ್ಲ. ಎಲ್ಲ ಬಿಟ್ಟು ಇಲ್ಲೇ ಆಗಬೇಕೆ!

“ಡಿಲಿಸ್” ಎಂದ, ನೆಲ ನೋಡುತ್ತ. “ನಂಗೆ ಸ್ವಲ್ಪ...”

“ಹೋಗು” ಎಂದಳು ಅವಳು.

ಅವನು ಪೊದೆಯ ಹಿಂದೆ ಹೋದ. ಮುಗಿಸಿದ. ಮುಗಿಸಿ ಹಾಗೇ ನಿಂತ. ಮುಳ್ಳೆಲೆಗಳ ಸಂದಿಯಲ್ಲಿ ಹಳದಿ ಮೇಲಂಗಿಯ ಚೂರು ಕಾಣುತ್ತಿತ್ತು. ಹೋಗಿಬಿಡಲಿ ಎಂದುಕೊಂಡ. ಹೋದರೆ ನ್ಯಾಯವೇ; ಅದಕ್ಕೇ ಬಂದಿರುತ್ತಾಳೆ. ಪೊದೆಯ ಆಚೆಯಿಂದ ಅವಳು ಒಮ್ಮೆ ಕೆಮ್ಮಿದ್ದು ಕೇಳಿಸಿತು. ತಲೆಯ ಮೇಲಿನ ಕೊಂಬೆಯನ್ನೇ ನೋಡುತ್ತ ನಿಂತ. ಕಿತ್ತಳೆ ರಿಬ್ಬನ್ನು ಅಲ್ಲೇ ಇತ್ತು. ಈಗ ಅಲ್ಲಾಡುತ್ತದೆ, ಈಗ ಅಲ್ಲಾಡುತ್ತದೆ ಎಂದು ಕಾದ. ಕೊಂಬೆ ಅಲ್ಲಾಡಲಿಲ್ಲ.

“ನಿಧಾನಕ್ಕೆ ಬಾ ನೆವ್” ಎಂದಳು ಆಚೆಯಿಂದ. “ಗೇಟು ತೆರೆದೇ ಇರುತ್ತೆ.”

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ಕಾದಳು.